ಹದಿನಾರರ ಹರೆಯದ ವಕೀಲರನ್ನು ಬೆಳೆಸುವ ಮಸ್ನಿಯಾ

ಬೆಳಗಿನ ಆರೂವರೆ. ಬಾರಿತೋ ನದಿಯ ಮೇಲೆ ಮಂಜು ಹೇಗೆ ಕೂತಿದೆಯೆಂದರೆ, ಶಾಲೆಯ ದೋಣಿಕಟ್ಟೆ ನಾಲ್ಕು ಹಲಗೆಯಾಚೆ ಹಾಲಿನಲ್ಲಿ ಕರಗಿಹೋಗಿದೆ. ಆ ಬಿಳುಪಿನ ಅಂಚಿನಲ್ಲಿ ಮಸ್ನಿಯಾ ಕಣ್ಣು ಮುಚ್ಚಿ ನಿಂತಿದ್ದಾರೆ. ದೂರದಲ್ಲೆಲ್ಲೋ ಒಂದು ಎಂಜಿನ್ ಗೊಣಗುತ್ತದೆ, ನಿಲ್ಲುತ್ತದೆ, ಮತ್ತೆ ಗೊಣಗುತ್ತದೆ.

"ಹಲ್ದಾಳ ಅಪ್ಪನ ದೋಣಿ ಅದು. ಕೆಮ್ಮೋದು ಕೇಳಿಸ್ತಾ? ಇನ್ನೂ ಐದು ತಿರುವು ಇದೆ. ಏಳಕ್ಕೆ ಮುಟ್ಟಲ್ಲ" ಎನ್ನುತ್ತಾರೆ.

ಏಳಕ್ಕೆ ಶಾಲೆಯ ಗೇಟು ಮುಚ್ಚುತ್ತದೆ. ತಡವಾಗಿ ಬಂದವರ ಹೆಸರನ್ನು ವಿದ್ಯಾರ್ಥಿ ಮಂಡಳಿಯ ಹುಡುಗರೇ ಪುಸ್ತಕದಲ್ಲಿ ಬರೆಯುತ್ತಾರೆ. ಐದು ಸಲ ಹೆಸರು ಬಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹತ್ತನೆಯ ತರಗತಿಯ ಹಲ್ದಾಳ ಹೆಸರು ಆಗಲೇ ನಾಲ್ಕು ಸಲ ಬಿದ್ದಿದೆ.

ಮಸ್ನಿಯಾ ಗಣಿತದ ಟೀಚರ್. ವಿದ್ಯಾರ್ಥಿ ಮಂಡಳಿಯ ಹೊಣೆ ಅವರ ಹೆಗಲಿಗೇರಿ ಹತ್ತೊಂಬತ್ತು ವರ್ಷವಾಯಿತು. ಯಾರಿಗೂ ಬೇಡವಾಗಿದ್ದ ಆ ಕೆಲಸವನ್ನು ಹಂಚಿದ ದಿನ ಅವರು ರಜೆಯಲ್ಲಿದ್ದರು, ಅಷ್ಟೇ. ಶಾಲೆಯಲ್ಲಿ ಇನ್ನೂರ ಹನ್ನೆರಡು ಮಕ್ಕಳು. ಅವರಲ್ಲಿ ಅರವತ್ತೊಂದು ಜನ ನೀರಿನ ಮೇಲೆ ಬರುವವರು. ಮಂಡಳಿಯಲ್ಲಿ ಹದಿನಾಲ್ಕು ಮಂದಿ. ತರಗತಿಯಿಂದ ಆರಿಸಿ ಬಂದವರನ್ನು ಇಲ್ಲಿ ಕರೆಯುವುದು 'ವಕೀಲ್' ಎಂದೇ. ಕರಿಕೋಟಿನ ವಕೀಲರಲ್ಲ, ಇನ್ನೊಬ್ಬರ ಜಾಗದಲ್ಲಿ ನಿಲ್ಲುವವರು.

ಮಂಡಳಿಯ ಸಭೆಯಲ್ಲಿ ಮಸ್ನಿಯಾ ಕಿಟಕಿ ಪಕ್ಕ ಕೂತು ಉತ್ತರಪತ್ರಿಕೆ ತಿದ್ದುತ್ತಾರೆ, ಬಾಯಿ ಬಿಡುವುದಿಲ್ಲ. ಮಕ್ಕಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾಳೆ ಎಂದು ಜೊತೆಯ ಟೀಚರುಗಳೇ ಆಡಿಕೊಂಡದ್ದುಂಟು. "ಹೆಡ್‌ಮಾಸ್ಟರಿಗೆ ನನ್ನ ದನಿ ಹಳೇದಾಗಿದೆ, ಫ್ಯಾನಿನ ಸದ್ದಿದ್ದ ಹಾಗೆ. ಮಕ್ಕಳ ದನಿ ಹಂಗಲ್ಲ. ತಲೆ ಎತ್ತಿ ನೋಡ್ತಾರೆ" ಎಂದು ಮಸ್ನಿಯಾ ನಗುತ್ತಾರೆ.

ತಡವಾಗಿ ಬಂದವರ ಪುಸ್ತಕದಲ್ಲಿ 'ಕಾರಣ' ಎಂಬ ಸಣ್ಣ ಕಾಲಮ್ ಇದೆ. ಹೋದ ತಿಂಗಳು ಅದರಲ್ಲಿ ಮೂವತ್ತೆಂಟು ಸಲ ಒಂದೇ ಪದ ಬಂದಿತ್ತು: ಮಂಜು. ಎಲ್ಲರೂ ಒಬ್ಬರದನ್ನು ನೋಡಿ ಒಬ್ಬರು ಬರೆದಿದ್ದಾರೆಂದು ಹೆಡ್‌ಮಾಸ್ಟರು ನಂಬಿದರು. ಮಂಡಳಿಯ ಅಧ್ಯಕ್ಷ ಫಹ್ರುಗೂ ಅದು ತಮಾಷೆಯೇ. "ಏನ್ ಹಲ್ದಾ, ನಿಮ್ಮೂರಲ್ಲಿ ಮಂಜನ್ನೇ ತಿಂಡಿಗೆ ತಿಂತೀರಾ?" ಎಂದು ಗೇಟಿನಲ್ಲಿ ಕಿಚಾಯಿಸಿದ್ದ.

"ತಿಂತೀವಿ. ಬಾ, ನಿಂಗೂ ಬಡಿಸ್ತೀನಿ" ಎಂದಿದ್ದಳು ಅವಳು.

ಮಸ್ನಿಯಾ ಆ ಮಾತನ್ನು ಹಿಡಿದುಕೊಂಡರು. ಫಹ್ರುವನ್ನು ಬೈಯಲಿಲ್ಲ. "ಕರೆದಿದ್ದಾಳಲ್ಲ, ಹೋಗು. ಬರೋವಾಗ ಅವಳ ದೋಣೀಲೇ ಬಾ" ಎಂದಷ್ಟೇ ಹೇಳಿ ಕಳಿಸಿದರು.

ಕಳೆದ ಸೋಮವಾರ ಫಹ್ರು ಆ ದೋಣಿಯಲ್ಲಿ ಬಂದ. ಪ್ರತಿ ತಿರುವಿಗೂ ಹಲ್ದಾಳ ಅಪ್ಪ ಎಂಜಿನ್ ಆರಿಸಿ ಕಿವಿಗೊಡುತ್ತಿದ್ದರು. ದೋಣಿಯ ಮೂತಿಯಲ್ಲಿ ಕೂತ ಹಲ್ದಾ ಅನ್ನದ ಪಾತ್ರೆಯ ಮುಚ್ಚಳ ಬಡಿಯುತ್ತಿದ್ದಳು, ಎದುರಿನವರಿಗೆ ಕೇಳಲೆಂದು. ಒಮ್ಮೆ ಬಿಳುಪಿನೊಳಗಿಂದ ಕಲ್ಲಿದ್ದಲು ಹೊತ್ತ ಹಡಗೊಂದು ಕಪ್ಪು ಗೋಡೆಯಂತೆ ಎದ್ದು ಬಂದು, ಅಷ್ಟೇ ಮೆತ್ತಗೆ ಕರಗಿಹೋಯಿತು. ಅದು ಹೋದ ಮೇಲೂ ದೋಣಿ ತೊಟ್ಟಿಲಿನಂತೆ ತೂಗುತ್ತಲೇ ಇತ್ತು. ನಲವತ್ತು ನಿಮಿಷ ತಡವಾಗಿ ಗೇಟಿಗೆ ಬಂದ ಫಹ್ರು ಕಾರಣದ ಕಾಲಮ್ ಸಾಲದೆ ಹಾಳೆಯ ಹಿಂಬದಿಯನ್ನೂ ತುಂಬಿಸಿದ.

ಆ ಹಾಳೆ ಹಿಡಿದು ಅವನು ಇವತ್ತು ಹೆಡ್‌ಮಾಸ್ಟರರ ಮುಂದೆ ನಿಂತಿದ್ದಾನೆ. ಈಗಷ್ಟೇ ದೋಣಿ ಇಳಿದ ಹಲ್ದಾ ಒದ್ದೆ ಲಂಗದಲ್ಲೇ ಪಕ್ಕದಲ್ಲಿದ್ದಾಳೆ. ಪುಸ್ತಕದಲ್ಲಿ ಅವಳ ಐದನೆಯ ಸಾಲು ಇನ್ನೂ ಖಾಲಿ.

"ಇನ್ನೂ ಬೇಗ ಹೊರಟರಾಯ್ತಪ್ಪ" ಎನ್ನುತ್ತಾರೆ ಹೆಡ್‌ಮಾಸ್ಟರು.

ಫಹ್ರು ತಡವರಿಸಿ ಮಸ್ನಿಯಾರ ಕಡೆ ತಿರುಗುತ್ತಾನೆ. ಮಸ್ನಿಯಾ ಕಿಟಕಿಯಾಚೆ ನೋಡುತ್ತಿದ್ದಾರೆ.

"ಬೇಗ ಹೊರಟರೆ ಕತ್ತಲೂ ಇರುತ್ತೆ, ಮಂಜೂ ಇರುತ್ತೆ, ಸರ್" ಎನ್ನುತ್ತಾನೆ ಫಹ್ರು. "ಹಡಗು ನಮ್ಮಿಂದ ಎರಡು ಮಾರು ದೂರದಲ್ಲಿ ಹೋಯ್ತು. ಅವಳಿಗೆ ಅದು ದಿನಾ. ನಾನು ಒಂದು ದಿನಕ್ಕೇ ನಡುಗಿಬಿಟ್ಟೆ."

ಹೆಡ್‌ಮಾಸ್ಟರು ಹಾಳೆಯನ್ನು ಎರಡು ಸಲ ಓದುತ್ತಾರೆ. ಮಂಜಿನ ತಿಂಗಳಲ್ಲಿ ದೋಣಿಯ ಮಕ್ಕಳ ಹೆಸರು ಬರೆಯುವುದು ಬೇಡ, ಇವತ್ತಿನಿಂದಲೇ, ಎನ್ನುತ್ತಾರೆ.

"ಹಲ್ದಾಳ ಹಳೇ ನಾಲ್ಕು, ಸರ್?" ಎನ್ನುತ್ತಾನೆ ಫಹ್ರು.

"ಅದು ಬರೆದಾಗಿದೆ."

"ಹಂಗಾದ್ರೆ ಮುಂದಿನ ವಾರ ಮತ್ತೆ ಬರ್ತೀವಿ" ಎಂದು ಫಹ್ರು ವಿನಯದಿಂದಲೇ ತಲೆಬಾಗುತ್ತಾನೆ.

ಹೊರಗೆ ಜಗಲಿಯಲ್ಲಿ ಮಸ್ನಿಯಾ ಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಉಂಡೆ ಬಿಡಿಸಿ ಮಕ್ಕಳಿಗೆ ಹಂಚುತ್ತಾರೆ. ಬಿಸಿಲು ನದಿಯನ್ನು ಅಲ್ಲಲ್ಲಿ ಸೀಳತೊಡಗಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಗಂಟಿದ ಅನ್ನ ಒರೆಸಿಕೊಳ್ಳುತ್ತಾರೆ.

"ಒಂದಿದೆ. ಇವರು ಯಾವತ್ತಾದರೂ ನನ್ನ ಮೇಲೇ ಅರ್ಜಿ ತರಬೇಕು. ನನ್ನ ಮುಖ ನೋಡದೆ, ನನ್ನೆದುರೇ ಓದಬೇಕು."

"ತರ್ತಾ ಇದೀವಿ, ಟೀಚರ್" ಎನ್ನುತ್ತಾಳೆ ಹಲ್ದಾ, ಬಾಯಲ್ಲಿ ಉಂಡೆ ಇಟ್ಟುಕೊಂಡೇ. "ಶುಕ್ರವಾರದ ಗಣಿತ ಟೆಸ್ಟ್ ಬಗ್ಗೆ."

ಮಸ್ನಿಯಾ ಅವಳ ಕೈಗೆ ಇನ್ನೊಂದು ಉಂಡೆ ಇಡುತ್ತಾರೆ.

"ಅರ್ಜಿಗೆ ಸಹಿ ಎಷ್ಟಾಯ್ತು?"