ಬೈಯಲು ಒಬ್ಬ ಬೇಕು

ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ತಂಗಿಯನ್ನು ತಾಂಬಾದಲ್ಲಿರುವ ಸೋದರಮಾವನಿಗೇ ಕೊಟ್ಟಿದ್ದರು. ಅವಳ ಎರಡನೆಯ ಕೂಸೂ ಮೊದಲನೆಯದರಂತೆ ಕುತ್ತಿಗೆ ನಿಲ್ಲದೆ, ವರ್ಷ ತುಂಬುವುದರೊಳಗೆ ತೀರಿಕೊಂಡಿತು.

ಮಣ್ಣು ಮಾಡಿದ ಮೂರನೆಯ ದಿನ ಅವಳು ದೇವರ ಜಗಲಿಯ ಮುಂದೆ ಕೂತು ದೀಪ ಹಚ್ಚುತ್ತಿದ್ದಳು. “ಅವನ ಕೊಟ್ಟಿದ್ದ, ಅವನ ಒಯ್ದ,” ಎಂದಳು. ನನಗೆ ರೇಗಿತು. ಈ ಮದುವೆ ಬೇಡವೆಂದು ನಾನು ಆಗಲೇ ಹೇಳಿದ್ದೆ, ಯಾರೂ ಕೇಳಿರಲಿಲ್ಲ.

“ದೇವರೇನೂ ಒಯ್ದಿಲ್ಲ. ರಕ್ತಸಂಬಂಧದಾಗ ಮದುವಿ ಆದ್ರ ಹಿಂಗ ಆಗ್ತೈತಿ. ಬದುಕೋ ಶಕ್ತಿ ಇಲ್ಲದ್ದನ್ನ ನಿಸರ್ಗ ಉಳಸಂಗಿಲ್ಲ,” ಎಂದೆ, ತರಗತಿಯಲ್ಲಿ ವಿಕಾಸವಾದ ಹೇಳುವ ಅದೇ ದನಿಯಲ್ಲಿ.

ಅವಳು ಬತ್ತಿ ಸರಿಮಾಡಿ ನನ್ನತ್ತ ತಿರುಗಿದಳು. “ಮದುವಿ ಆಗಿ ಇಪ್ಪತ್ತು ವರ್ಷ ಆತು, ನಿನಗ ಒಂದ ಕೂಸೂ ಆಗಲಿಲ್ಲ. ಹಂಗಾರ ನಿನ್ನೂ ಬ್ಯಾಡ ಅಂತ ನಿಸರ್ಗ ಬಿಟ್ಟೈತೇನು ಅಕ್ಕಾ?”

ಅವಳು ದೀಪಕ್ಕೆ ಎಣ್ಣೆ ಹಾಕಿದಳು.

“ನೀ ಹೇಳೂದು ಖರೇನ ಇರಬೇಕು. ಮಂಗ್ಯಾನಿಂದ ಮನಷಾ ಆಗಿದ್ದೂ ಖರೇನ ಇರಬೇಕು. ಆದ್ರ ದೇವರಿದ್ರ ನನಗ ಬೈಯಾಕ ಒಬ್ಬ ಇರ್ತಾನ. ನಿನ್ನ ಪಾಠದಾಗ ನಾ ಯಾರನ್ನ ಬೈಲಿ?”

ಆಮೇಲೆ ಅವಳು ನಿಜಕ್ಕೂ ಬೈದಳು. ಊರಲ್ಲಿರುವ ಬೈಗುಳವನ್ನೆಲ್ಲ ದೀಪದ ಮುಂದೆ ಸುರಿದು, ಕೈಮುಗಿದು ಎದ್ದಳು. ನನಗೆ ರೊಟ್ಟಿ ಹಾಕಿದಳು. ಸಂಜೆಯ ಬಸ್ಸಿಗೆ ನಾನು ಹೊರಟಾಗ ಬಾಗಿಲಿಗೆ ಬರಲಿಲ್ಲ.

ಮೂರು ವರ್ಷವಾಯಿತು, ಅವಳು ಒಂದು ಫೋನೂ ಮಾಡಿಲ್ಲ. ಈಗ ಅವಳಿಗೆ ಮತ್ತೆ ದಿನ ತುಂಬಿವೆ ಎಂದು ಅವ್ವ ಹೇಳಿದಳು. ನನ್ನನ್ನು ಮಾತ್ರ ಕರೆಯಬಾರದು ಎಂದಿದ್ದಾಳಂತೆ.