ಖಾಲಿ ಬಂದೂಕಿನ ಪರೀಕ್ಷೆ

ಇದನ್ನು ಬರೆಯಲು ಹಲವು ಸಲ ಕುಳಿತು, ಪ್ರತಿ ಸಲವೂ ಏನೋ ನೆಪ ಮಾಡಿಕೊಂಡು ಎದ್ದಿದ್ದೇನೆ. ಈಗ ಕತಾರಿನ ಅಲ್ ವಕ್ರಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಕೆಲಸವಿಲ್ಲ, ನೆಪವೂ ಉಳಿದಿಲ್ಲ.

ಕೆಲವು ವರ್ಷಗಳ ಹಿಂದೆ ದೋಹಾದ ಬೇಟೆ ಸಾಮಾನಿನ ಅಂಗಡಿಯಲ್ಲಿದ್ದೆ. ಕಾರ್ಖಾನೆಯಿಂದ ಬಂದ ಲಿವರ್ ಬಂದೂಕುಗಳನ್ನು ಮಾರುವ ಮೊದಲು ಪರೀಕ್ಷಿಸುವುದು ನನ್ನ ಕೆಲಸ. ಅಡಿಯಲ್ಲಿರುವ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಗುಂಡು ನಳಿಕೆಗೆ ಏರಬೇಕು. ಮದ್ದಿಲ್ಲದ ಡಮ್ಮಿ ಗುಂಡು ತುಂಬಿ ನೋಡಬೇಕೆಂಬುದು ನಿಯಮ. ಆದರೆ ಡಮ್ಮಿಯ ಹಿತ್ತಾಳೆ ತಾಗಿ ಬಂದೂಕಿನ ಒಳಗೆ ಗೀರು ಬಿದ್ದರೆ, ಯಾರೋ ಬಳಸಿದ ಮಾಲು ಎಂದು ಗಿರಾಕಿಗಳು ಬೇಡವೆನ್ನುತ್ತಿದ್ದರು. ಹಾಗಾಗಿ ನಾನು ಖಾಲಿಯಾಗಿಯೇ ಆಡಿಸಿ ಪಾಸು ಮಾಡುತ್ತಿದ್ದೆ.

ಸ್ಟೋರ್ ನೋಡಿಕೊಳ್ಳುತ್ತಿದ್ದವನು ಉಳ್ಳಾಲದ ಬ್ಯಾರಿ, ನನಗಿಂತ ಚಿಕ್ಕವನು. "ಅನ್ನ ಹಾಕದೆ ಬರೀ ಹಲ್ಲು ನೋಡ್ತೀರಲ್ಲ ಮಾರಾಯ್ರೆ!" ಎಂದು ನಗುತ್ತಿದ್ದ.

"ನೀನು ಸುಮ್ಮನೆ ಪೆಟ್ಟಿಗೆ ಹೊರು."

"ಹೊರ್ತೇನೆ ಅಣ್ಣ. ಹೆಂಡತಿ ಬಂದ್ಮೇಲೆ ವುಕೈರಿಗೆ ಊಟಕ್ಕೆ ಬನ್ನಿ. ಖಾಲಿ ಪ್ಲೇಟ್ ಇಡ್ತೇನೆ, ನೋಡಿ ಪಾಸ್ ಮಾಡಿ."

ಅಲ್ ವಕ್ರಾದ ಪಕ್ಕದ ಆ ವುಕೈರಿನಲ್ಲಿ ಫ್ಲ್ಯಾಟ್ ನೋಡಿಟ್ಟಿದ್ದ. ಹೆಂಡತಿಯ ವೀಸಾ ಬರುವುದಷ್ಟೇ ಬಾಕಿ.

ಒಂದು ದಿನ ಗಿರಾಕಿಯೊಬ್ಬ ಬಂದೂಕು ವಾಪಸು ತಂದ. ಎರಡನೆಯ ಗುಂಡು ಅಡ್ಡಕ್ಕೆ ಸಿಕ್ಕಿಕೊಂಡು ಹಿಡಿ ಅಲುಗುವುದಿಲ್ಲ ಎಂದ. ಮ್ಯಾನೇಜರ್ ನನ್ನನ್ನು ಕರೆಸಿದ.

"ನಾನು ನೋಡಿದಾಗ ಸರಿ ಇತ್ತು ಸಾರ್. ಸ್ಟೋರ್‌ನಲ್ಲಿ ಬೀಳಿಸಿರಬೇಕು," ಎಂದುಬಿಟ್ಟೆ.

ಬಂದೂಕಿನ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಮ್ಯಾನೇಜರನಿಗೆ ಅಷ್ಟು ಸಾಕಾಯಿತು. "ಖಲಾಸ್," ಎಂದ. ಸ್ಟೋರಿನ ಹುಡುಗನ ಕೆಲಸ ಹೋಯಿತು. ವೀಸಾ ರದ್ದಾಯಿತು, ಹೆಂಡತಿಯದಲ್ಲ, ಅವನದೇ.

ಊರಿಗೆ ಹೊರಡುವ ದಿನ ಅವನು ನನ್ನ ಮೇಜಿನ ಬಳಿ ಬಂದು ನಿಂತ. "ನಾನು ಬೀಳಿಸ್ಲಿಲ್ಲ ಅಣ್ಣ. ನಿಮಗಾದ್ರೂ ನಂಬಿಕೆ ಉಂಟಲ್ಲ?"

"ಉಂಟು," ಎಂದೆ. ತಲೆ ಎತ್ತಲಿಲ್ಲ.

ಅವನು ಹೋದ ಮೇಲೆ, ಯಾರೂ ಮುಟ್ಟದ ಪೆಟ್ಟಿಗೆಯೊಂದನ್ನು ಬಿಚ್ಚಿ ಡಮ್ಮಿ ತುಂಬಿದೆ. ಎರಡನೆಯದು ಸಿಕ್ಕಿಕೊಂಡಿತು. ಇನ್ನೊಂದು ಬಂದೂಕು ತೆಗೆದೆ, ಅದರಲ್ಲೂ ಹಾಗೆಯೇ. ಗುಂಡನ್ನು ಮೇಲೆತ್ತುವ ಪಟ್ಟಿಯ ಅಂಚನ್ನು ಕಾರ್ಖಾನೆಯಲ್ಲಿ ಅರ ಹಾಕಿ ನಯ ಮಾಡದೆ ಬಿಟ್ಟಿದ್ದರು. ಮ್ಯಾನೇಜರನಿಗೆ ತೋರಿಸಿದೆ. ಮಾಲು ವಾಪಸು ಹೋಯಿತು, ದೋಷ ಹಿಡಿದೆನೆಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದ. ಹಾಗಾದರೆ ಆ ಹುಡುಗ ಏನೂ ಬೀಳಿಸಿರಲಿಲ್ಲವಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ನಾನು ನೆನಪಿಸಲೂ ಇಲ್ಲ.

ಮಗಳು ಕೆಲವೊಮ್ಮೆ ಕಾರಿನಲ್ಲಿ ವುಕೈರ್ ಕಡೆ ಕರೆದೊಯ್ಯುತ್ತಾಳೆ. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಅಲ್ಲಿ ನನ್ನನ್ನು ಊಟಕ್ಕೆ ಕರೆದಿದ್ದವನು, ನಾನು ಇಂದಿಗೂ ಕ್ಷಮೆ ಕೇಳದವನು, ನಮ್ಮ ಸ್ಟೋರಿನ ಆ ಉಳ್ಳಾಲದ ತಮ್ಮ.