ಬೆಂಚಿನ ತುದಿಗೆ ಬಿದ್ದ ಒದೆ

ನಾಗವೇಣಿಗೆ ನಮ್ಮೂರು ಕುರ್ಡಿಯಲ್ಲಿ ಒಳ್ಳೆಯ ಹೆಸರಿಲ್ಲ. ಭತ್ತ ನಾಟಿ ಮಾಡುವ ಗೋಪಮ್ಮನ ಮಗಳು ರಾಯಚೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಯಾರೆದುರೂ ತಲೆ ತಗ್ಗಿಸುವುದಿಲ್ಲ. ಬಯ್ಯಲು ಊರವರಿಗೆ ಇಷ್ಟು ಸಾಕು. ನನಗೂ ಆಕೆಗೂ ಎರಡು ಸಲ ಜಗಳವಾಗಿದೆ. ಎರಡು ಸಲವೂ ತಪ್ಪು ನನ್ನದೇ.

ಹೋದ ವರ್ಷ ಮಾನ್ವಿ-ರಾಯಚೂರು ರಸ್ತೆಯಲ್ಲಿ ಆಕೆಯ ಅಪ್ಪ ಅಯ್ಯಪ್ಪನ ಮೂರು ಗಾಲಿಯ ಟಂಟಂ ಗಾಡಿಗೆ ಅಕ್ಕಿ ಗಿರಣಿಯ ಗೇಟಿನಿಂದ ನುಗ್ಗಿದ ಜೀಪು ಗುದ್ದಿತು. ಜೀಪು ಗಿರಣಿ ಮಾಲೀಕ ಬಸವಪ್ರಸಾದನದು. ತಲೆಗೆ ಪೆಟ್ಟು ಬಿದ್ದು, ತಾನು ಎತ್ತ ಹೊರಟಿದ್ದೆ ಎಂಬುದೇ ಅಯ್ಯಪ್ಪನಿಗೆ ನೆನಪಿರಲಿಲ್ಲ. ಗಾಡಿ ಮಾತ್ರ, ರಾಯಚೂರಿಗೆ ಹೋಗುವವರ ಎಡಕ್ಕೆ ಬರುವ ಆ ಗೇಟಿನ ಮಗ್ಗುಲಲ್ಲೇ, ಮಾನ್ವಿಯ ಕಡೆ ಮುಖ ಮಾಡಿ ನಿಂತಿತ್ತು. ಅಂದರೆ ರಾಯಚೂರಿನಿಂದ ರಾಂಗ್ ಸೈಡಿನಲ್ಲಿ ಬಂದಿದ್ದಾನೆ ಎಂದರು ಎಲ್ಲರೂ.

ಮರುದಿನ ಗಿರಣಿಯ ಅಂಗಳದಲ್ಲಿ ಪಂಚರು ಬಸವಪ್ರಸಾದನ ಜೊತೆ ಬೆಂಚಿನ ಮೇಲೆ ಕೂತರು. ಅಯ್ಯಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ನಿಂತೇ ಇದ್ದ. ಕೂರು ಎನ್ನುವ ಬಾಯಿ ಅಲ್ಲಿ ಒಂದೂ ಇರಲಿಲ್ಲ.

ಹಿರಿಯ ಮುದುಕಪ್ಪ ತೀರ್ಪು ಕೊಟ್ಟ. "ಎತ್ತಿನ ಮುಖ ಯಾ ಕಡಿ ಅದ, ಬಂಡಿ ಆ ಕಡಿಗೇ ಹೊಂಟಿರತದ. ಅಯ್ಯಪ್ಪ, ಇನ್ನ ಗಾಡಿ ಮುಟ್ಟಬ್ಯಾಡ."

ಅವನ ಲೈಸೆನ್ಸು ಆಗಲೇ ಬಸವಪ್ರಸಾದನ ಜೇಬು ಸೇರಿತ್ತು. ಮೂವತ್ತು ವರ್ಷ ಗಾಡಿ ಓಡಿಸಿದವನು "ತಪ್ಪಾತ್ರಿ" ಎಂದು ಕೈ ಮುಗಿದ. ಗುಂಪಿನಲ್ಲಿದ್ದ ನಾನು ನೆಲ ನೋಡುತ್ತ ನಿಂತೆ.

ನಾಗವೇಣಿ ಮುಂದೆ ಬಂದಳು. "ಏಳ್ರಿ ಎಲ್ಲಾರೂ."

"ಏ, ಯಾರಿಗಿ ಹೇಳ್ತಿ?" ಎಂದ ಬಸವಪ್ರಸಾದ.

"ನಿಮಗೇ. ಏಳ್ರಿ."

ಎದ್ದರು. ಆಕೆ ಬೆಂಚಿನ ನಡುವಿಗೆ ಒದ್ದಳು. ಅದು ನೆಟ್ಟಗೆ ಹಿಂದೆ ಸರಿಯಿತು. ಆಮೇಲೆ ತುದಿಗೆ ಒದ್ದಳು. ಚೆಲ್ಲಿದ ಭತ್ತದ ಮೇಲೆ ಜಾರಿ ಬೆಂಚು ಗಿರ್ರನೆ ತಿರುಗಿ ನಿಂತಿತು.

"ನಡಕ್ಕ ಹೊಡದ್ರ ಸರಿತದ, ತುದಿಗಿ ಹೊಡದ್ರ ತಿರಗತದ. ಎತ್ತಿಗಿ ಜೀವ ಅದ, ಗಾಡಿಗಿಲ್ಲ. ಈಗ ನಿಂತಂಗ ನಮ್ಮ ಗಾಡಿ ಬಲಕ್ಕ ಗೇಟದ. ಹಿಂದಿನ ತುದಿ ನೆಗ್ಗಿದ್ದು ಎಡಕ್ಕ. ನಿಮ್ಮ ಜೀಪು ಸುತ್ತು ಹಾಕಿ ಬಂದು ಗುದ್ದಿತೇನ್ರಿ? ನಮ್ಮಪ್ಪ ರಾಯಚೂರಿಗಿ ಹೊಂಟಿದ್ದ. ಗುದ್ದಿದ ಮ್ಯಾಲ ಗಾಡಿ ತಿರುಗ್ಯದ."

ಮುದುಕಪ್ಪ ಗೇಟಿನಾಚೆ ಗಾಡಿಯ ಹತ್ತಿರ ಹೋಗಿ ನೆಗ್ಗಿದ ತಗಡನ್ನು ಕೈಯಿಂದ ಮುಟ್ಟಿ ನೋಡಿದ. ಹೌದೆಂದು ತಲೆಯಾಡಿಸಿದ.

"ಆತು ಬಿಡು ಅಯ್ಯಪ್ಪ, ಚಾ ಕುಡಿ" ಎಂದ ಬಸವಪ್ರಸಾದ.

ಅಯ್ಯಪ್ಪ ಮಗಳ ಮುಖ ನೋಡಿದ. "ಹಂಗಾರ ನಾ ನನ್ನ ದಾರ್ಯಾಗೇ ಇದ್ದೆ?"

"ಹೌದಪ್ಪಾ."

ಅವನು ಹೋಗಿ ತಿರುಗಿದ ಬೆಂಚಿನ ಮೇಲೆ, ಮಾಲೀಕನಿಗೆ ಬೆನ್ನು ಹಾಕಿ ಕೂತ. ಹಿಂದಕ್ಕೆ ಕೈ ಚಾಚಿ ಹೇಳಿದ: "ಚಾ ಬ್ಯಾಡ. ಲೈಸೆನ್ಸ್ ಇಡು."